ದೊಡ್ಡಮ್ಮನ ಸರದಿ

ಫೆಬ್ರವರಿ ೯

ದೊಡ್ಡಮ್ಮನ ಹೊಟ್ಟೆ ಖಾಲಿ. ಬೆಳಿಗ್ಗೆ ಸ್ಕ್ಯಾನ್ ಮಾಡಿ ಹೇಳಿದಾಗ ಅಣ್ಣನ ಮುಖ ಸಪ್ಪಗಾಯಿತು. ನಾನೂ ಮುಖ ಸಪ್ಪಗೆ ಮಾಡಿಕೊಂಡೆ. ಒಳಗೊಳಗೇ ಖುಷಿಯಾಯಿತು ಎಂಬುದನ್ನು ಇಲ್ಲಿ ಬರೆಯಬಹುದು, ಓದುವವರು ಯಾರೂ ಇಲ್ಲ.

"ಹನ್ನೆರಡೂ ಕೈಕೊಡ್ತಾ?" ಎಂದ ಅಣ್ಣ. ಬಾಡಿಗೆ ಬಸಿರು ಹೊರುವ ಕುದುರೆಗಳಿಗೆಲ್ಲ ಅವನು ನಂಬರು ಕೊಟ್ಟಿದ್ದಾನೆ. ಅವಳು ಹನ್ನೆರಡು. ದೊಡ್ಡಮ್ಮ ಎಂದು ಹೆಸರಿಟ್ಟವನು ಅಪ್ಪ.

ಬಂದವರಿಗೆ ಅತ್ತಿಗೆ ನಮ್ಮ ಕಸುಬನ್ನು ಒಂದೇ ಮಾತಿನಲ್ಲಿ ವಿವರಿಸುತ್ತಾಳೆ: "ನಮ್ಮಲ್ಲಿ ತಾಯಿ ಬೇರೆ, ಹೆರೋಳು ಬೇರೆ." ತಾಯಿ ಎಂದರೆ ಮಿಂಚು. ತಡೆ ಹಾರುವ ಪಂದ್ಯಗಳಲ್ಲಿ ಅವಳ ಹೆಸರು ಗೊತ್ತಿಲ್ಲದವರಿಲ್ಲ. ಪಂದ್ಯಕ್ಕೆ ಓಡಾಡುವವಳಿಗೆ ಬಸಿರು ಹೊರಲು ಪುರುಸೊತ್ತೆಲ್ಲಿ? ಸತ್ತು ಆರು ವರ್ಷವಾದ ಒಂದು ಹೆಸರಾಂತ ಗಂಡುಕುದುರೆಯ ವೀರ್ಯ ಸಣ್ಣ ಕಡ್ಡಿಗಳಲ್ಲಿ ಹೆಪ್ಪುಗಟ್ಟಿ ಬರುತ್ತದೆ. ಪಶುವೈದ್ಯೆಯಾದ ನಾನೇ ಅದನ್ನು ಮಿಂಚುವಿಗೆ ಕೊಡುತ್ತೇನೆ. ವಾರ ಕಳೆದ ಮೇಲೆ ಅವಳ ಗರ್ಭಕೋಶ ತೊಳೆದು, ಮರಳಿನ ಕಣಕ್ಕಿಂತ ಚಿಕ್ಕದಾದ ಭ್ರೂಣವನ್ನು ಹುಡುಕಿ, ಬೇರೆ ಹೆಣ್ಣುಕುದುರೆಯ ಹೊಟ್ಟೆಯಲ್ಲಿ ಇಡುತ್ತೇನೆ. ಮಿಂಚು ಇಪ್ಪತ್ತು ಚಿಲ್ಲರೆ ಮರಿಗಳ ತಾಯಿ, ಒಂದನ್ನೂ ಹೆತ್ತವಳಲ್ಲ. "ಪುಣ್ಯವಂತೆ, ನನಗೆ ಯಾಕಪ್ಪಾ ಈ ಯೋಗ ಇರಲಿಲ್ಲ" ಎನ್ನುತ್ತಾಳೆ ಮೂರು ಹೆತ್ತ ಅತ್ತಿಗೆ.

ದೊಡ್ಡಮ್ಮ ಆರು ವರ್ಷದಿಂದ ಮಿಂಚುವಿನ ಮರಿಗಳನ್ನೇ ಹೆತ್ತಿದ್ದಾಳೆ, ತನ್ನದೆಂದು ಒಂದೂ ಇಲ್ಲ. ಅಪ್ಪ ಸಾಕಿ ಬೆಳೆಸಿದ ಹಳೆಯ ತಳಿಯಲ್ಲಿ ಉಳಿದಿರುವ ಹೆಣ್ಣು ಅವಳೊಬ್ಬಳೇ. ಗಟ್ಟಿ ಗೊರಸು, ಅಗಲವಾದ ಬೆನ್ನು, ಎಂಥ ಗದ್ದಲದಲ್ಲೂ ಬೆದರದ ಸ್ವಭಾವ. ಆ ತಳಿಯ ಕುದುರೆಗಳು ತೀರಾ ಎತ್ತರಕ್ಕೆ ಹಾರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷವಾದರೂ ಕುಂಟುತ್ತಿರಲಿಲ್ಲ. ಗಂಡು ಇರುವುದೂ ಒಂದೇ, ಅಪ್ಪನ ಗೆಳೆಯ ಮೇಷ್ಟ್ರ ಲಾಯದ ಮುದುಕ. ತಳಿ ಒಂದೇ, ಮನೆತನ ಬೇರೆ. ಐದು ತಲೆಮಾರು ಹಿಂದಕ್ಕೆ ಹೋದರೂ ರಕ್ತ ಸೇರುವುದಿಲ್ಲ.

ಅಪ್ಪ ಹೋಗುವ ಮೊದಲು ಏನೂ ಕೇಳಲಿಲ್ಲ, ಮಾತು ತೆಗೆದುಕೊಳ್ಳಲಿಲ್ಲ. ನನಗೆ ನಾನೇ ಅಂದುಕೊಂಡಿದ್ದು: ಈ ವರ್ಷ ದೊಡ್ಡಮ್ಮನ ಸರದಿ.

ಅವಳನ್ನು ಮುದುಕನ ಹತ್ತಿರ ಕರೆದೊಯ್ಯಲೇ ಎಂದು ಊಟದ ಹೊತ್ತಿಗೆ ಅಣ್ಣನನ್ನು ಕೇಳಿದೆ. "ಒಂದು ಸಲ ತಾನೇ, ಮಾಡ್ಕೋ ಹೋಗು" ಎಂದ. ಅಷ್ಟು ಸುಲಭಕ್ಕೆ ಒಪ್ಪುತ್ತಾನೆ ಅಂದುಕೊಂಡಿರಲಿಲ್ಲ.

ಫೆಬ್ರವರಿ ೧೨

ಮೇಷ್ಟ್ರ ಮನೆಗೆ ಹೋಗಿ ಹೇಳಿ ಬಂದೆ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಶರ್ಟಿನ ಜೇಬಿನಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ. ಅಪ್ಪನ ಜೊತೆ ಜಗಳ ಆಡುವುದಕ್ಕಾಗಿಯೇ ದಿನಾ ನಮ್ಮ ಮನೆಗೆ ಬರುತ್ತಿದ್ದವರು. ಸುದ್ದಿ ಕೇಳಿ ಎದ್ದುಹೋಗಿ ಮುದುಕನ ಕೇಸರ ಬಾಚತೊಡಗಿದರು.

"ಇನ್ನೂ ಏಪ್ರಿಲ್ ಬರಬೇಕು ಮೇಷ್ಟ್ರೇ, ಅವಳು ಬೆದೆಗೆ ಬರೋದು ಆವಾಗ."

"ಇರಲಿ ಕಣಮ್ಮಾ. ಇವನಿಗೂ ಅಭ್ಯಾಸ ತಪ್ಪಿಹೋಗಿದೆ, ಸ್ವಲ್ಪ ಮರ್ಯಾದೆಯಾಗಿ ಕಾಣೋದು ಬೇಡ್ವಾ?"

ಮುದುಕನಿಗೆ ಹದಿನಾರು ವರ್ಷ. ಗಂಡುಕುದುರೆಯಾದ್ದರಿಂದ ಬೇರೆಯವುಗಳ ಜೊತೆ ಬಿಡುವಂತಿಲ್ಲ. ಎತ್ತರದ ಬೇಲಿಯ ಒಳಗೆ ಅವನೊಬ್ಬನೇ. ನಾನು ಹೊರಟಾಗ ಬೇಲಿಯುದ್ದಕ್ಕೂ ಕಾರಿನ ಜೊತೆ ಓಡಿಬಂದ.

ಮಾರ್ಚ್ ೧೪

ಐದನೇ ನಂಬರು ಇವತ್ತು ಬೆಳಿಗ್ಗೆ ಮರಿ ಹಾಕಿತು. ಮಿಂಚುವಿನ ಮರಿ. ಗಂಡು, ಕಡುಕಂದು, ಹಣೆಯ ಮೇಲೆ ಬಿಳಿ. ಬರುವಾಗಲೇ ಕಾಲಿನ ಹತ್ತಿರ ಚರ್ಮ ಹರಿದಿತ್ತು. ಎಲ್ಲೋ ತಗುಲಿರಬೇಕು ಅಂದುಕೊಂಡು ಟವಲಿನಿಂದ ಮೈ ಒರೆಸಿದೆ. ಟವಲು ಸೋಕಿದಲ್ಲೆಲ್ಲ ಚರ್ಮ ನೆನೆದ ಕಾಗದದಂತೆ ಬಿಟ್ಟುಕೊಂಡು ಬಂತು. ಮಂಡಿ ಬೇಡದ ಕಡೆಗೆಲ್ಲ ಬಾಗುತ್ತಿತ್ತು. ಆದರೂ ಏಳಲು ನೋಡುತ್ತಿತ್ತು. ಕತ್ತು ಚಾಚಿ ಹಾಲು ಹುಡುಕುತ್ತಿತ್ತು.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗಲೂ ಅಳದವನು. "ಏನಾದ್ರೂ ಮಾಡೇ" ಎಂದ. ಮಾಡುವುದು ಒಂದೇ ಇತ್ತು. ಸೂಜಿ ಹಾಕಿದೆ.

ಐದನೇ ನಂಬರು ಸಂಜೆಯವರೆಗೂ ಮರಿ ಮಲಗಿದ್ದ ಹುಲ್ಲನ್ನು ಮೂಸುತ್ತಿತ್ತು.

ಮಾರ್ಚ್ ೧೫

ಬರೆಯಲು ಮನಸ್ಸಿಲ್ಲ.

ಏಪ್ರಿಲ್ ೨

ಸತ್ತ ಮರಿಯ ಬಗ್ಗೆ ಪ್ರಯೋಗಾಲಯದಿಂದ ವರದಿ ಬಂತು. ಆ ಸತ್ತ ಗಂಡುಕುದುರೆ ಮತ್ತು ಮಿಂಚು ಇಬ್ಬರ ರಕ್ತದಲ್ಲೂ ಚರ್ಮ ಹರಿಯುವ ಆ ದೋಷ ಅಡಗಿದೆ. ಒಬ್ಬರಿಂದ ಮಾತ್ರ ಬಂದರೆ ಮರಿಗೆ ಏನೂ ಆಗುವುದಿಲ್ಲ, ಇಬ್ಬರಿಂದಲೂ ಬಂದರೆ ಮೊನ್ನೆಯಂತೆ. ಅವನು ಬದುಕಿದ್ದಾಗ ಈ ಪರೀಕ್ಷೆ ಇರಲಿಲ್ಲ. ನಾವು ಮಿಂಚುವಿಗೆ ಮಾಡಿಸಿರಲಿಲ್ಲ. ಗೆಲ್ಲುವ ಕುದುರೆಗೆ ಯಾರು ಮಾಡಿಸುತ್ತಾರೆ?

ಇಬ್ಬರ ವಂಶಾವಳಿ ತೆಗೆದು ಮೇಜಿನ ಮೇಲೆ ಹರಡಿದೆ. ಒಂದೇ ಅಜ್ಜನ ಹೆಸರು ಐದು ಕಡೆ. ಹಿಂದೆಲ್ಲ ಒಂದು ಗಂಡುಕುದುರೆ ನಡೆದುಹೋಗುವಷ್ಟು ದೂರದಲ್ಲಿ ಇರುವ ಹೆಣ್ಣುಗಳಿಗೆ ಮಾತ್ರ ಸಿಗುತ್ತಿತ್ತು. ಈಗ ಒಬ್ಬನ ವೀರ್ಯ ಸಮುದ್ರ ದಾಟುತ್ತದೆ, ಸತ್ತ ಮೇಲೂ ಖರ್ಚಾಗುತ್ತದೆ. ಒಬ್ಬಳೇ ತಾಯಿ ವರ್ಷಕ್ಕೆ ಐದಾರು ಮರಿಗಳನ್ನು ಬೇರೆಯವರ ಹೊಟ್ಟೆಯಿಂದ ಹೆರಿಸಿಕೊಳ್ಳುತ್ತಾಳೆ. ಉಳಿದವರೆಲ್ಲ ಬರೀ ಹೊಟ್ಟೆಗಳು. ಹೀಗೇ ಆದರೆ ಇನ್ನು ಕೆಲವು ವರ್ಷಕ್ಕೆ ಪಂದ್ಯದ ಅಂಗಳದಲ್ಲಿ ನಿಂತ ಕುದುರೆಗಳೆಲ್ಲ ಅಣ್ಣತಮ್ಮಂದಿರೇ ಆಗುತ್ತವೆ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದಲೇ ಕೇಳಿದ.

"ಹಾಗಾದ್ರೆ ದೋಷ ಇಲ್ಲದ ಇನ್ನೊಬ್ಬನನ್ನ ಹುಡುಕು, ಮುಗೀತಲ್ಲ."

ಹುಡುಕಿದೆ. ಸಿಕ್ಕಿದ. ದೋಷವಿಲ್ಲ, ನಿಜ. ಅವನೂ ಅದೇ ಅಜ್ಜನ ಮೊಮ್ಮಗ.

ಏಪ್ರಿಲ್ ೮

ನಾಳೆ ದೊಡ್ಡಮ್ಮನನ್ನು ಮೇಷ್ಟ್ರಲ್ಲಿಗೆ ಕರೆದೊಯ್ಯಬೇಕಿತ್ತು. ಬೆದೆ ಚೆನ್ನಾಗಿ ಬಂದಿದೆ, ಅಂಡ ಪಕ್ವವಾಗಿದೆ. ಮಿಂಚುವಿಗೂ ಇದೇ ಹೊತ್ತಿಗೆ ಬಂದಿದೆ.

ಮಧ್ಯಾಹ್ನ ಅತ್ತಿಗೆ ಕಾಫಿ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅತ್ತಿಗೆ ತಾನಾಗಿ ಕಾಫಿ ತಂದರೆ ಏನೋ ಇದೆ ಎಂದೇ ಅರ್ಥ. ಸತ್ತ ಮರಿಯನ್ನು ಮಾರುತ್ತೇವೆಂದು ಮೊದಲೇ ಮಾತು ಕೊಟ್ಟಾಗಿತ್ತು. ಕೊಳ್ಳಬೇಕಿದ್ದವರು ಅದರ ಬದಲಿಗೆ ಮಿಂಚುವಿನದೇ ಇನ್ನೊಂದು ಮರಿ ಬೇಕು ಎನ್ನುತ್ತಿದ್ದಾರೆ.

"ಈ ಸಲ ಮಿಂಚುಗೆ ಎರಡು ಭ್ರೂಣ ಸಿಗೋ ಹಾಗಿದೆ ಅಂದ್ಯಂತೆ. ಇಡೋಕೆ ಎಷ್ಟು ರೆಡಿ ಇವೆ?"

"ಮೂರನೇ ನಂಬರು ಒಂದೇ ಇದೆ. ಉಳಿದವು ಹಿಂದೆಮುಂದೆ ಆಗಿವೆ."

"ಮತ್ತೆ ಹನ್ನೆರಡು?"

ಹೊಟ್ಟೆ ಕೊಡುವವಳ ಬೆದೆಯೂ ಮಿಂಚುವಿನ ಬೆದೆಯೂ ಜೊತೆಯಾಗಿರಬೇಕು. ಅವಳದು ಲೆಕ್ಕ ಹಾಕಿಟ್ಟಂತೆ ಜೊತೆಯಾಗಿದೆ. ಅತ್ತಿಗೆಗೂ ಗೊತ್ತು.

"ನಿನಗೆ ಬೇಜಾರಾಗತ್ತೆ ಅಂತ ನಿಮ್ಮಣ್ಣ ಕೇಳೋಕೆ ಹೆದರ್ತಿದಾರೆ. ಆ ಮರಿ ಹೋದಮೇಲೆ ಅವರು ಸರಿಯಾಗಿ ಊಟಾನೇ ಮಾಡಿಲ್ಲ, ನೋಡಿದೀಯಲ್ಲ. ಈ ಸಲ ಅವಳಿಗೆ ಹಿಡೀಲಿಲ್ಲ ಅಂದ್ರೆ ಮುಂದಿನ ತಿಂಗಳು ಖಂಡಿತ ನಿನ್ನ ದೊಡ್ಡಮ್ಮಂದು."

ಅತ್ತಿಗೆಯ ಮಾತಿನಲ್ಲಿ ತಪ್ಪಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ. ನಾಳೆ ಬರುವುದಿಲ್ಲ ಎಂದೆ. "ಆಯ್ತಮ್ಮ. ಇವನಿಗೆ ಬೆಳಿಗ್ಗೆ ಸ್ನಾನ ಮಾಡಿಸಿಬಿಟ್ಟಿದ್ದೆ, ಪರವಾಗಿಲ್ಲ, ಕೊಳೆ ಹೋಯ್ತು" ಎಂದರು.

ಏಪ್ರಿಲ್ ೧೭

ಎರಡು ಭ್ರೂಣ ಸಿಕ್ಕವು. ಒಂದು ಮೂರಕ್ಕೆ, ಒಂದು ದೊಡ್ಡಮ್ಮನಿಗೆ. ಇಡುವಾಗ ಅವಳು ಅಲುಗಾಡಲೇ ಇಲ್ಲ. ಹಿಡಿಯದಿರಲಿ ಎಂದು ಅಂದುಕೊಂಡೆ. ಕೈ ಮಾತ್ರ ಎಂದಿನಂತೆ ಜಾಗರೂಕವಾಗಿಯೇ ಕೆಲಸ ಮಾಡಿತು.

ಮೇ ೧

ದೊಡ್ಡಮ್ಮನಿಗೆ ಹಿಡಿದಿದೆ. ಮೂರಕ್ಕೆ ಹಿಡಿದಿಲ್ಲ.

ಒಂದು ಸೂಜಿ ಹಾಕಿದರೆ ಸಾಕು, ಅವಳ ಹೊಟ್ಟೆ ಮತ್ತೆ ಖಾಲಿ. ಯಾರಿಗೂ ತಿಳಿಯುವುದಿಲ್ಲ. ಯೋಚನೆ ಬಂತು, ಹೋಯಿತು. ನಾನು ಡಾಕ್ಟರು.

ಮೇ ೨೧

ಹೆಣ್ಣು ಈ ವರ್ಷ ಕೈತಪ್ಪಿತು, ಗಂಡಿನದಾದರೂ ಉಳಿಸಿಡೋಣ ಎಂದು ಸಾಮಾನು ಹೊತ್ತು ಮೇಷ್ಟ್ರ ಲಾಯಕ್ಕೆ ಹೋದೆ. ಮುದುಕನ ವೀರ್ಯ ಹೆಪ್ಪುಗಟ್ಟಿಸಿದರೆ ಬರುವ ವರ್ಷಕ್ಕೆ ಚಿಂತೆ ಇಲ್ಲ. ಮೇಷ್ಟ್ರು ಪ್ರತಿಯೊಂದನ್ನೂ ಕೇಳಿದರು. ಸೂಕ್ಷ್ಮದರ್ಶಕದಲ್ಲಿ ಅವರಿಗೂ ತೋರಿಸಿದೆ. ತಾಜಾ ಇದ್ದಾಗ ಮೀನಿನ ಹಿಂಡಿನಂತೆ ಓಡುತ್ತಿದ್ದವು. "ಭೇಷ್!" ಎಂದರು, ಯಾವನೋ ಹುಡುಗ ಗಣಿತದಲ್ಲಿ ಪಾಸಾದ ಹಾಗೆ. ನನಗೂ ಉತ್ಸಾಹ ಬಂತು. ಈಗ ಏನೇನೆಲ್ಲ ಸಾಧ್ಯ ಎಂದು ಮಾತಾಡುತ್ತಲೇ ಇದ್ದೆ. ಹೆಣ್ಣುಕುದುರೆ ಸತ್ತರೂ ಕೆಲವು ಗಂಟೆಯೊಳಗೆ ಅಂಡಾಶಯ ಕಳಿಸಿದರೆ ಪ್ರಯೋಗಾಲಯದಲ್ಲೇ ಭ್ರೂಣ ಮಾಡುತ್ತಾರೆ ಎಂದೂ ಹೇಳಿದೆ.

ಮನೆಗೆ ಬಂದು ಒಂದು ಕಡ್ಡಿಯನ್ನು ಕರಗಿಸಿ ನೋಡಿದೆ. ಎಲ್ಲೋ ಒಂದೆರಡು ಬಾಲ ಅಲುಗಿತು. ಇನ್ನೊಂದು ಕಡ್ಡಿ, ಅದೂ ಅಷ್ಟೇ. ಕೆಲವು ಗಂಡುಗಳ ವೀರ್ಯ ಚಳಿ ತಡೆಯುವುದಿಲ್ಲ. ಅದಕ್ಕೂ ಕುದುರೆಯ ಗುಣಕ್ಕೂ ಏನೇನೂ ಸಂಬಂಧವಿಲ್ಲ. ಹೆಪ್ಪುಗಟ್ಟಲು ಒಗ್ಗುವವರ ವಂಶ ಊರೂರು ಬೆಳೆಯುತ್ತದೆ, ಒಗ್ಗದವರದು ಲಾಯದ ಬಾಗಿಲು ದಾಟುವುದಿಲ್ಲ.

ಹೆಪ್ಪುಗಟ್ಟಿಸಲು ಬೆರೆಸುವ ಬೇರೆ ದ್ರಾವಣ ತರಿಸಿ ಇನ್ನೊಮ್ಮೆ ಮಾಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದ್ದೇನೆ.

ಜೂನ್ ೨೬

ಉಸಿರಾಡಲು ಪುರುಸೊತ್ತಿಲ್ಲ. ಮಿಂಚುವಿನಿಂದ ಮತ್ತೆ ಮೂರು. ದ್ರಾವಣ ಬಂದಿದೆ. ಮೇಷ್ಟ್ರು ಎರಡು ಸಲ ಫೋನ್ ಮಾಡಿದ್ದರಂತೆ.

ಸೆಪ್ಟೆಂಬರ್ ೧೯

ಮಿಂಚುವಿನ ನಾಲ್ಕು ವರ್ಷದ ಮಗ ನಿನ್ನೆ ದೊಡ್ಡ ಪಂದ್ಯದಲ್ಲಿ ಮೊದಲು ಬಂದ. ಕೊನೆಯ ತಡೆಯನ್ನು ಹಾರಿದ ರೀತಿಗೆ ಇಡೀ ಮೈದಾನ ಎದ್ದು ನಿಂತಿತು. ಅಣ್ಣ ನನ್ನನ್ನು ಎಲ್ಲರೆದುರು ಅಪ್ಪಿಕೊಂಡು, "ಇವಳಿಲ್ಲದೆ ಇದ್ರೆ ಇವನು ಹುಟ್ತಾನೇ ಇರಲಿಲ್ಲ" ಎಂದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ನಗು ನೋಡಿದೆ. ಈ ಮಗನನ್ನು ಹೊತ್ತು ಹೆತ್ತಿದ್ದು ಹನ್ನೆರಡನೇ ನಂಬರು. ಪತ್ರಿಕೆಯಲ್ಲಿ ಅಮ್ಮನ ಜಾಗದಲ್ಲಿ ಮಿಂಚುವಿನ ಫೋಟೋ ಹಾಕಿದ್ದಾರೆ, ಅದು ಸರಿಯೇ.

ಫ್ರಿಜ್ಜು ಚೊಕ್ಕಟ ಮಾಡುವಾಗ ಆ ದ್ರಾವಣ ಸಿಕ್ಕಿತು. ಅವಧಿ ಮುಗಿದಿತ್ತು, ಎಸೆದೆ. ಋತು ಮುಗಿದ ಮೇಲೆ ಹೇಗೂ ಆಗುವ ಕೆಲಸವಲ್ಲ.

ಜನವರಿ ೧೧

ಬಸಿರು ಕುದುರೆಗಳೆಲ್ಲ ಚೆನ್ನಾಗಿವೆ. ಹನ್ನೆರಡಕ್ಕೆ ಹೊಟ್ಟೆ ವಿಪರೀತ ದೊಡ್ಡದಾಗಿದೆ, ನಡೆಯುವಾಗ ನಿಂತು ನಿಂತು ಹೋಗುತ್ತದೆ. ವಯಸ್ಸಾಯಿತು, ಹದಿನೆಂಟು ತುಂಬಿದೆ. ಬರುವ ಋತುವಿಗೆ ನಾಲ್ಕು ಹೊಸ ಹೊಟ್ಟೆ ಬೇಕು ಎಂದು ಅಣ್ಣನಿಗೆ ಹೇಳಿದೆ. ಚಿಕ್ಕ ವಯಸ್ಸಿನವು, ದೊಡ್ಡ ಮೈಕಟ್ಟಿನವು ಇರಲಿ, ತಳಿ ಯಾವುದಾದರೂ ಪರವಾಗಿಲ್ಲ.

ಮಾರ್ಚ್ ೧೮

ದೀರ್ಘವಾದ ದಿನ. ಮರೆಯುವ ಮೊದಲು ಕ್ರಮವಾಗಿ ಬರೆದಿಡುತ್ತೇನೆ.

ಬೆಳಗಾಗುವ ಹೊತ್ತಿಗೆ ಹನ್ನೆರಡನೇ ನಂಬರು ಮರಿ ಹಾಕಿತು. ಹೆರಿಗೆ ಸಲೀಸು. ಹೆಣ್ಣು, ಮಿಂಚುವಿನ ಪಡಿಯಚ್ಚು. ಮೊದಲು ಚರ್ಮ ನೋಡಿದೆ, ಗಟ್ಟಿಯಾಗಿದೆ. ಮಂಡಿಗಳು ಸರಿಯಾಗಿವೆ. ಅಣ್ಣನಿಗೆ ಕೂಗಿ ಹೇಳಿದೆ. ಅಷ್ಟರಲ್ಲಿ ಹನ್ನೆರಡು ಎದ್ದು ಮರಿಯನ್ನು ನೆಕ್ಕುತ್ತಿದ್ದದ್ದು ತಟ್ಟನೆ ನಿಂತಿತು. ಮೈಯೆಲ್ಲ ಬೆವರು. ವಸಡು ನೋಡಿದರೆ ಸುಣ್ಣದಷ್ಟು ಬಿಳಿ. ಗರ್ಭಕೋಶದ ದೊಡ್ಡ ರಕ್ತನಾಳ ಒಳಗೇ ಒಡೆದಿತ್ತು. ವಯಸ್ಸಾದವುಗಳಿಗೆ ಹೀಗಾಗುವುದುಂಟು. ಮಾಡುವಂಥದ್ದು ಹೆಚ್ಚೇನಿಲ್ಲ. ಗೋಡೆಗೆ ಒರಗಿ ನಿಂತಿತ್ತು, ಆಮೇಲೆ ಮರಿಯ ಮೇಲೆ ಬೀಳದ ಹಾಗೆ ಒಂದು ಹೆಜ್ಜೆ ಆಚೆಗೆ ಹೋಗಿ ಕುಸಿಯಿತು.

ಮರಿ ಇನ್ನೂ ಹಾಲು ಕುಡಿದಿರಲಿಲ್ಲ. ಗಿಣ್ಣುಹಾಲು ಬೇಗ ಹೊಟ್ಟೆಗೆ ಸೇರದಿದ್ದರೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ. ಹನ್ನೆರಡರ ಕೆಚ್ಚಲು ಇನ್ನೂ ಬೆಚ್ಚಗಿತ್ತು. ಮಂಡಿಯೂರಿ ಕೂತು ಕರೆದೆ. ಒಂದು ಜಗ್ಗು ತುಂಬಾ ಬಂತು, ಹಳದಿ, ಜೇನಿನಷ್ಟು ಮಂದ. ಬಾಟಲಿಯಲ್ಲಿ ಹಾಕಿ ಕುಡಿಸಿದೆ. ಅತ್ತಿಗೆ ಮರಿಯ ಕತ್ತು ಹಿಡಿದುಕೊಂಡು ಅಳುತ್ತಿದ್ದಳು. ಆಮೇಲೆ ಎಂಟನೇ ನಂಬರಿಗೆ ಈ ಮರಿಯನ್ನು ಒಗ್ಗಿಸಬೇಕಿತ್ತು, ಅದರ ಮರಿ ದೊಡ್ಡದಾಗಿದೆ. ಒದೆಯಿತು, ಕಚ್ಚಲು ಬಂತು. ಮೂಗಿಗೆ ಮುಲಾಮು ಹಚ್ಚಿ, ಮೆಲ್ಲಗೆ ಮಾತಾಡಿಸುತ್ತಾ, ಬಿಡದೆ ಹಿಡಿದು, ಅಂತೂ ಮಧ್ಯಾಹ್ನದ ಹೊತ್ತಿಗೆ ನಿಂತುಕೊಂಡಿತು. ಮರಿ ಚಪ್ಪರಿಸುವ ಸದ್ದು ಕೇಳಿದ ಮೇಲೆಯೇ ಹಿಡಿತ ಬಿಟ್ಟೆ.

ಸತ್ತ ಕುದುರೆಯನ್ನು ಒಯ್ಯುವ ಲಾರಿ ಅಷ್ಟರಲ್ಲೇ ಬಂದು ಹೋಗಿತ್ತು. ಅಣ್ಣ ನೋಡಿಕೊಂಡ.

ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ.

ಮಾರ್ಚ್ ೨೧

ಮೇಷ್ಟ್ರು ಬಂದಿದ್ದರು. ಸುದ್ದಿ ಅವತ್ತೇ ಯಾರಿಂದಲೋ ತಿಳಿಯಿತಂತೆ. ನಾನೇ ಹೇಳಬೇಕಿತ್ತು. ಮರಿಯನ್ನು ನೋಡಿ "ಚೆನ್ನಾಗಿದೆ" ಎಂದರು. ಕೈ ಚಾಚಿದರು, ಮರಿ ಅವರ ತೋಳು ಚೀಪಿತು. ಎಂಟನೇ ನಂಬರಿನ ಪಕ್ಕದ ಖಾಲಿ ಕೋಣೆಯನ್ನು ನೋಡಿದರು.

"ದೊಡ್ಡಮ್ಮಂದು ಕಳಿಸಿದ್ಯಾ ಮಗಳೇ?"

"ಏನು ಮೇಷ್ಟ್ರೇ?"

"ಅದೇ, ಅಂಡಾಶಯ. ಕೆಲವು ಗಂಟೆಯೊಳಗೆ ಕಳಿಸಿದ್ರೆ ಆಗತ್ತೆ ಅಂದಿದ್ಯಲ್ಲ. ನಾನು ಮುದುಕನ್ನ ರೆಡಿ ಇಟ್ಕೊಂಡು ಕೂತಿದ್ದೆ, ಫೋನ್ ಬರತ್ತೆ ಅಂತ."

ಮರಿಯ ಗಡಿಬಿಡಿಯಲ್ಲಿ ಆಗಲಿಲ್ಲ ಎಂದೆ. ಅವರು ತಲೆಯಾಡಿಸಿದರು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಗಡಿಬಿಡಿಯಲ್ಲಿ ಆಗದಿರುವುದು ಎಂದರೆ ಮಾಡಬೇಕೆಂದು ಅನ್ನಿಸಿ, ಸಮಯ ಸಿಗದೇ ಹೋಗುವುದು. ನನಗೆ ಅನ್ನಿಸಲೇ ಇಲ್ಲ. ಸೂಜಿ, ಕತ್ತರಿ, ಪೆಟ್ಟಿಗೆ ಎಲ್ಲ ಕೈಗೆ ಸಿಗುವಲ್ಲೇ ಇದ್ದವು. ನಾನು ಅದರ ಹೊಟ್ಟೆಯ ಪಕ್ಕದಲ್ಲೇ ಕೂತು ಹಾಲು ಕರೆದಿದ್ದೆ.

ಹೊರಡುವಾಗ ಮೇಷ್ಟ್ರು ಇನ್ನೊಂದು ಮಾತು ಕೇಳಿದರು. "ನಿಮ್ಮ ಮಿಂಚುಗೇ ಒಂದು ಸಲ ಇವನದು ಕೊಡಬಹುದಲ್ಲ? ಹೊಸ ರಕ್ತ ಬೇಕು ಅಂತ ನೀನೇ ಅಂತಿದ್ದೆ."

ನಗು ಬಂತು. ಅವರ ಮೇಲಲ್ಲ, ಸುಮ್ಮನೆ ಬಂತು. "ಆ ಮರಿ ಯಾರು ತಗೋತಾರೆ ಮೇಷ್ಟ್ರೇ?" ಎಂದೆ.

ಅವರೂ ನಕ್ಕರು.

ಏಪ್ರಿಲ್ ೫

ಹೊಸ ಹೊಟ್ಟೆಗಳು ಬಂದವು. ನಾಲ್ಕೂ ಚೆನ್ನಾಗಿವೆ. ಅಣ್ಣ ಅದರಲ್ಲೊಂದಕ್ಕೆ ಹನ್ನೆರಡು ಎಂದು ನಂಬರು ಕೊಟ್ಟಿದ್ದಾನೆ. ಬೇರೆ ಕೊಡು ಎನ್ನೋಣ ಅಂದುಕೊಂಡೆ. ಕಾರಣ ಕೇಳಿದರೆ ಏನು ಹೇಳುವುದು ಎಂದು ಸುಮ್ಮನಾದೆ.

ಏಪ್ರಿಲ್ ೨೯

ಮೇಷ್ಟ್ರು ಮೊನ್ನೆ ಫೋನ್ ಮಾಡಿ, ಒಂದು ಕೆಲಸ ಇದೆ, ಸಾಮಾನು ತಗೊಂಡು ಬಾ ಎಂದಿದ್ದರು. ಇವತ್ತು ಹೋದೆ. ಮುದುಕನ ಬೀಜ ತೆಗೆಯಬೇಕಂತೆ.

"ಯೋಚನೆ ಮಾಡಿ ಹೇಳ್ತಿದೀರಾ?"

"ಮಾಡಿದೀನಿ. ಇಷ್ಟು ವರ್ಷ ಇವನನ್ನ ಒಬ್ಬನ್ನೇ ಇಟ್ಟೆ. ನಾಳೆ ಯಾವಳೋ ಬರ್ತಾಳೆ ಅಂತ. ಈಗ ಬರೋಳು ಯಾರೂ ಇಲ್ಲ ಅಂತ ಆಯ್ತಲ್ಲ, ಕೊನೆಗಾಲದಲ್ಲಿ ನಾಲ್ಕು ಕುದುರೆಗಳ ಜೊತೆ ಮೇಯಲಿ. ಪಕ್ಕದ ಹುಲ್ಲುಗಾವಲಿನವರನ್ನ ಕೇಳಿದೀನಿ, ಬಿಡಿ ಅಂದಿದಾರೆ."

ಮದ್ದು ಏರಿದ ಮೇಲೆ ಮುದುಕ ಮೆಲ್ಲಗೆ ಹುಲ್ಲಿನ ಮೇಲೆ ಮಲಗಿದ. ಮೇಷ್ಟ್ರು ತಮ್ಮ ಕೋಟು ಬಿಚ್ಚಿ ಅವನ ತಲೆಯ ಕೆಳಗೆ ಇಟ್ಟು, ಬೆಳಕು ಬೀಳದ ಹಾಗೆ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಕೂತರು. ನನ್ನ ಕಡೆ ನೋಡಲಿಲ್ಲ. ಎರಡೂ ಬದಿ ಸಲೀಸಾಗಿ ಆಯಿತು. ಈ ವಯಸ್ಸಿಗೆ ರಕ್ತ ಜಾಸ್ತಿ ಹೋಗಬಹುದು ಎಂದು ಭಯವಿತ್ತು, ಹೋಗಲಿಲ್ಲ.

"ಮುಗೀತಾ?"

"ಮುಗೀತು ಮೇಷ್ಟ್ರೇ."

ಅವನು ಎದ್ದು ತೂರಾಡುತ್ತಾ ನಿಂತಾಗ ಹೇಳಬೇಕಾದ್ದನ್ನೆಲ್ಲ ಹೇಳಿದೆ. ದಿನಾ ನಡೆಸಬೇಕು, ಗಾಯ ನೋಡುತ್ತಿರಬೇಕು, ಇನ್ನೂ ಆರು ವಾರ ಹೆಣ್ಣುಕುದುರೆಗಳ ಜೊತೆ ಬಿಡಬಾರದು.

"ಅದ್ಯಾಕೆ?"

"ಅಲ್ಲಿವರೆಗೂ ಮರಿ ಆಗೋ ಸಾಧ್ಯತೆ ಇರತ್ತೆ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಅಷ್ಟು ಹೊತ್ತಿನಲ್ಲಿ ಅವರು ನನ್ನ ಕಡೆ ನೋಡಿದ್ದು ಅದೇ ಮೊದಲು. ಕೋಟಿಗೆ ಹತ್ತಿದ್ದ ಹುಲ್ಲನ್ನು ಒಂದೊಂದಾಗಿ ಕಿತ್ತು ಹಾಕಿದರು. ಆಮೇಲೆ "ಆಯ್ತು ಡಾಕ್ಟ್ರೇ, ಜೋಪಾನವಾಗಿರ್ತೀನಿ" ಎಂದರು. ಚಿಕ್ಕಂದಿನಿಂದ ಎತ್ತಿ ಆಡಿಸಿದವರು, ನನ್ನನ್ನು ಡಾಕ್ಟರೇ ಎಂದು ಯಾವತ್ತೂ ಕರೆದಿರಲಿಲ್ಲ. ಆಯಾಸವಾಗಿರಬೇಕು.

ಮನೆಗೆ ಬಂದಾಗ ಅಣ್ಣ ಗೇಟಿನ ಹತ್ತಿರವೇ ಇದ್ದ. "ಎಲ್ಲಿಗೆ ಹೋಗಿದ್ದೆ? ಮಿಂಚುನ ಕಟ್ಟಿ ಕಾಯ್ತಿದೀವಿ."

"ಮೇಷ್ಟ್ರ ಹತ್ರ ಒಂದು ಸಣ್ಣ ಕೆಲಸ ಇತ್ತು" ಎಂದೆ.

ಕೈ ತೊಳೆದುಕೊಂಡು ಲಾಯಕ್ಕೆ ಹೋದೆ. ಎರಡು ಭ್ರೂಣ ಸಿಕ್ಕವು. ಎರಡೂ ಚೆನ್ನಾಗಿವೆ.